ಒಂದು ದಿನದ ಒಡತಿ

ಸುಳ್ಳು ಹೇಳುವುದಕ್ಕೂ ಬಂಡವಾಳ ಬೇಕು. ಆ ಕಾಲದ ಹೊಸದುರ್ಗದಲ್ಲಿ ಅಷ್ಟು ಬಂಡವಾಳ ಇದ್ದದ್ದು ಹತ್ತಿ ಮಂಡಿಯ ಹಾಜಿ ಗೌಸ್ ಮೊಹಿದ್ದೀನ್ ಸಾಹುಕಾರರೊಬ್ಬರಿಗೇ. ಈ ಕಥೆ ಬಂದದ್ದು ಪಿಂಜಾರರ ಕೇರಿಯಿಂದ. ಅಲ್ಲಿ ಯಾರ ಹತ್ತಿರವೂ ಏನೂ ಇರಲಿಲ್ಲ. ಆದ್ದರಿಂದ ಇದು ಅಪ್ಪಟ ನಿಜವೆಂದು ಧಾರಾಳವಾಗಿ ನಂಬಬಹುದು.

ಏನೂ ಇರಲಿಲ್ಲ ಎಂದರೆ ಹತ್ತಿ ಹಿಂಜುವ ಬಿಲ್ಲು ಕೂಡ ಇರಲಿಲ್ಲ. ಬಿಲ್ಲಿಲ್ಲದ ಪಿಂಜಾರ ಎಂದರೆ ನೇಗಿಲಿಲ್ಲದ ರೈತ, ಮಗ್ಗವಿಲ್ಲದ ನೇಕಾರ. ಆಳೆತ್ತರದ ಮರದ ಬಿಲ್ಲು, ಅದಕ್ಕೆ ಬಿಗಿದ ಕರುಳಿನ ತಂತಿ. ಅರಳೆಯ ಗುಡ್ಡೆಗೆ ತಾಗುವಂತೆ ಹಿಡಿದು ಕೊಡತಿಯಿಂದ ತಂತಿಗೆ ಹೊಡೆದರೆ ‘ಟೊಂಯ್’ ಎನ್ನುತ್ತದೆ. ಹತ್ತಿ ನೊರೆಯ ಹಾಗೆ ಎದ್ದು ಬೀಳುತ್ತದೆ. ಹುಸೇನಮ್ಮನ ಗಂಡ ಇಮಾಮಪ್ಪ ಬೆಳಗಿನಿಂದ ಸಂಜೆಯ ತನಕ ಸಾಹುಕಾರರ ಗೋದಾಮಿನಲ್ಲಿ, ಸಾಹುಕಾರರ ಬಿಲ್ಲಿನಲ್ಲಿ, ಸಾಹುಕಾರರ ಹತ್ತಿಯನ್ನು ಹಿಂಜುತ್ತಿದ್ದ. ಕೆಮ್ಮು ಮಾತ್ರ ಅವನ ಸ್ವಂತದ್ದು.

ಸಂಜೆ ಮನೆಗೆ ಬಂದರೆ ಹುಬ್ಬು ಬಿಳಿ, ಮೀಸೆ ಬಿಳಿ, ರೆಪ್ಪೆ ಬಿಳಿ.

“ಬಂದ್ರಾ ಅಜ್ಜಾರು?” ಎನ್ನುತ್ತಿದ್ದಳು ಹುಸೇನಮ್ಮ. “ನಮ್ಮನೆಯವ್ರು ಎಲ್ಲಿ ಹೋದ್ರು ನೋಡಿದ್ರಾ? ಬೆಳಿಗ್ಗೆ ಹೋಗೋವಾಗ ಪ್ರಾಯದೋರು ಇದ್ರಪ್ಪ.”

ಇಮಾಮಪ್ಪ ನಗಲು ಹೋಗಿ ಕೆಮ್ಮುತ್ತಿದ್ದ. ಮುದ್ದೆ ಮುರಿದರೆ ಅದರಲ್ಲೂ ಒಂದೆಳೆ ಹತ್ತಿ ಬರುತ್ತಿತ್ತು.

“ತಿನ್ನು ತಿನ್ನು. ಹೊಟ್ಟೆಯಾಗೇ ಒಂದು ಗಾದಿ ಆಗ್ಲಿ. ಹಸಿವು ಅದ್ರ ಮ್ಯಾಲೆ ಬೆಚ್ಚಗೆ ಮಲಗ್ತೈತೆ.”

ಹುಸೇನಮ್ಮನ ನಾಲಿಗೆಗೆ ತಂತಿ ಬಿಗಿದವರು ಯಾರೋ ಗೊತ್ತಿಲ್ಲ. ಕೇರಿಯಲ್ಲಿ ಯಾರ ದನಿಯನ್ನಾದರೂ ಅವಳು ಹಾಗೆಹಾಗೇ ಎತ್ತಿಬಿಡುತ್ತಿದ್ದಳು. ಹೆಂಗಸರು ಅವಳಿಂದ ಅಮಲ್ದಾರರನ್ನೂ ಅವರ ಕುದುರೆಯನ್ನೂ ಆಡಿಸಿ ನೋಡುತ್ತಿದ್ದರು. ಯಾವುದು ಯಾರ ದನಿ ಎಂದು ಮಾತ್ರ ಅವಳೇ ಬಿಡಿಸಿ ಹೇಳಬೇಕಾಗುತ್ತಿತ್ತು.

ಬಿಲ್ಲುಗಳು ಮೊದಲಿನಿಂದಲೂ ಸಾಹುಕಾರರವಲ್ಲ. ಪ್ಲೇಗು ಬಂದ ವರ್ಷ ಊರಿಗೆ ಊರೇ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತ್ತು. ಸತ್ತವರ ಹಾಸಿಗೆಯನ್ನು ಸುಡುವ ಕಾಲದಲ್ಲಿ ಹೊಸ ಹಾಸಿಗೆ ಮಾಡಿಸುವವರು ಯಾರು? ಹತ್ತಿ ಹೊತ್ತ ಪಿಂಜಾರನನ್ನು ಕಂಡರೆ ಜನ ನಾಯಿ ಛೂ ಬಿಡುತ್ತಿದ್ದರು. ಆಗ ಹಾಜಿ ಸಾಹುಕಾರರು ಕರುಣೆಯಿಂದ ರಾಗಿ ಕೊಟ್ಟರು. ಕರುಣೆಯ ಗುರುತಿಗಿರಲಿ ಎಂದು ಒಂದೊಂದು ಮನೆಯಿಂದ ಒಂದೊಂದು ಬಿಲ್ಲು ಇಟ್ಟುಕೊಂಡರು. ರಾಗಿ ತಿಂಗಳಲ್ಲಿ ಮುಗಿಯಿತು. ಕರುಣೆ ಇನ್ನೂ ಮುಗಿದಿರಲಿಲ್ಲ.

ಈಗ ಕಟ್ಟಳೆ ಹೀಗಿತ್ತು: ಬಿಲ್ಲು ಗೋದಾಮಿನ ಹೊಸಿಲು ದಾಟುವಂತಿಲ್ಲ. ಹಿಂಜಿದ ಕೂಲಿಯಲ್ಲಿ ಅರ್ಧ ಬಿಲ್ಲಿನ ಪಾಲು. ತಂತಿ ಹರಿದರೆ ಹಿಂಜುವವನ ತಪ್ಪು, ಹರಿಯದಿದ್ದರೆ ಸಾಹುಕಾರರ ಪುಣ್ಯ.

ಸಂತೆಯಲ್ಲಿ ಹಾಲುರಾಮೇಶ್ವರದ ಕಡೆಯ ಗಂಗಾಧರಪ್ಪ ಸಿಕ್ಕರೆ ಪ್ರತಿ ಸಲವೂ ಅದೇ ಮಾತು.

“ಏನಪ್ಪ ಇಮಾಮಪ್ಪ, ನಮ್ಮೂರ ಕಡೆ ಬರಾದೇ ಬಿಟ್ರಲ್ಲ? ಮಗಳ ಮದುವೆ ಐತೆ. ಹತ್ತಿ ನಮ್ಮ ಹೊಲದ್ದೇ ಐತೆ. ಬಂದು ನಾಕು ಗಾದಿ ಮಾಡಿಕೊಟ್ಟು ಹೋಗ್ರಿ.”

“ಬಿಲ್ಲು ಹೊರಗೆ ಬರಂಗಿಲ್ಲ ಗೌಡ್ರೆ.”

“ಯಾಕೆ? ಬಿಲ್ಲೂ ಹೆಂಗಸ್ರಂಗೆ ಗೋಷಾ ಹಾಕ್ಕಂಡೈತಾ?”

ಇಮಾಮಪ್ಪ ಅದಕ್ಕೂ ನಗಲು ಹೋಗಿ ಕೆಮ್ಮುತ್ತಿದ್ದ.

ಹೀಗಿರುವಾಗ ರಂಜಾನಿಗೆ ಹತ್ತು ಹದಿನೈದು ದಿನ ಮುಂಚೆ ಮಸೀದಿಯಲ್ಲಿ ಇಮಾಮರು ಜಕಾತಿನ, ಅಂದರೆ ಉಳ್ಳವರು ವರ್ಷಕ್ಕೊಮ್ಮೆ ಬಡವರಿಗೆ ಕೊಡಲೇಬೇಕಾದ ಪಾಲಿನ, ಮಾತೆತ್ತಿದರು. ಅಲ್ಲಿಯವರೆಗೆ ಇಮಾಮಪ್ಪನಿಗೆ ಗೊತ್ತಿದ್ದದ್ದು ಊರ ಬಾಗಿಲಿನ ಜಕಾತಿ ಕಟ್ಟೆ ಒಂದೇ. ಅಲ್ಲಿ ಬಡವನ ಗಂಟು ಬಿಚ್ಚಿಸುತ್ತಾರೆ. ಈ ಜಕಾತಿನಲ್ಲಿ ಸಾಹುಕಾರನೇ ಗಂಟು ಬಿಚ್ಚಬೇಕಂತೆ! ಅವನು ಕೂತಲ್ಲೇ ಮುಂದಕ್ಕೆ ಸರಿದ.

“ಒಂದು ಹೊತ್ತಿನ ಅನ್ನ ಕೊಟ್ಟು ಕೈ ತೊಳೆದುಕೊಳ್ಳಬೇಡಿ,” ಎಂದರು ಇಮಾಮರು. “ತೆಗೆದುಕೊಂಡವನು ಮುಂದಿನ ವರ್ಷ ಮತ್ತೆ ಕೈಯೊಡ್ಡದ ಹಾಗೆ ಕೊಡಿ. ಬಡಗಿಗೆ ಉಳಿ ಕೊಡಿ, ಬಳೆಗಾರನಿಗೆ ಬಳೆ ತುಂಬಿಸಿಕೊಡಿ. ಅವನು ದುಡಿದು, ವ್ಯಾಪಾರ ಬೆಳೆಸಿ, ಒಂದು ದಿನ ತಾನೇ ಜಕಾತು ಕೊಡುವ ಹಾಗಾಗಲಿ.”

ಮುಂದಿನ ಸಾಲಿನಲ್ಲಿ ಕೂತಿದ್ದ ಹಾಜಿ ಸಾಹುಕಾರರು ಕಣ್ಣು ಒರೆಸಿಕೊಂಡರು.

ಆ ಕಣ್ಣೀರನ್ನು ಕಂಡ ಇಮಾಮಪ್ಪ ಧೈರ್ಯ ಮಾಡಿದ. ಮರುದಿನ ಹೆಂಡತಿಯನ್ನು ಕರೆದುಕೊಂಡು ಮಂಡಿಗೆ ಹೋದ. ಸಾಹುಕಾರರು ದಿಂಬಿಗೆ ಒರಗಿ ಜಪಮಣಿ ಎಣಿಸುತ್ತಿದ್ದರು.

“ಸಾಹುಕಾರ್ರೆ, ನಿಮ್ಮ ಜಕಾತಿನಾಗೆ ನಂಗೊಂದು ಬಿಲ್ಲು ಕೊಡ್ಸಿ. ಹೊಸದೇನೂ ಬ್ಯಾಡ. ನಮ್ಮಪ್ಪಂದೇ ನಿಮ್ಮ ಗೋದಾಮಿನಾಗೆ ಐತೆ. ಅದನ್ನೇ ಕೊಟ್ರೆ ಹಳ್ಳಿ ಮ್ಯಾಲೆ ಹೋಗಿ ದುಡ್ಕಂಡು ತಿಂತೀನಿ.”

ಸಾಹುಕಾರರು ಮಾತಾಡುವುದು ಅರ್ಧ ಬಾಯಲ್ಲಿ, ಅರ್ಧ ಮೂಗಿನಲ್ಲಿ. “ನೋಡಪಾ ಇಮಾಮ... ಕೊಡೋಕೆ ನಂಗೆ ಆಸೆ ಇಲ್ಲ ಅಂದ್ಕಂಡ್ಯಾ? ಆಸೆಯಿಂದ ಎದೆ ಒಡ್ಕಂಡು ಹೋಗ್ತೈತೆ. ಆದ್ರೆ ಜಕಾತು ನನ್ನ ಮ್ಯಾಲೆ ಬೀಳೋದೇ ಇಲ್ವಲ್ಲಪಾ. ಬೀಳ್ದೇ ಇರೋದನ್ನ ನಾನೇ ಎಳ್ಕಂಡು ಮೈಮ್ಯಾಲೆ ಹಾಕ್ಕಳಾಕೆ ಆಯ್ತದಾ?”

“ಇಷ್ಟು ದೊಡ್ಡ ಮಂಡಿ ಐತಲ್ಲ ಸಾಹುಕಾರ್ರೆ?” ಎಂದಳು ಹುಸೇನಮ್ಮ.

“ಐತವ್ವಾ, ಐತೆ. ಆದ್ರೆ ಒಬ್ಬನ ಕೈಯಾಗೆ ಆಸ್ತಿ ಪೂರಾ ಒಂದು ವರ್ಷ ಇದ್ರೆ ಮಾತ್ರ ಜಕಾತು. ನನ್ನ ಕೈಯಾಗೆ ಯಾವತ್ತೂ ವರ್ಷ ತುಂಬೋದಿಲ್ಲ. ನನ್ನ ಹಣೆಬರ.” ಅವರು ಎಷ್ಟು ದೀರ್ಘವಾಗಿ ನಿಟ್ಟುಸಿರು ಬಿಟ್ಟರೆಂದರೆ ಅರಳೆಯ ಗುಡ್ಡೆಯಿಂದ ಒಂದಿಷ್ಟು ಹತ್ತಿ ಹಾರಿತು. “ರಂಜಾನಿನ ಮೊದಲ್ನೇ ಸಂಜೆ ಬಾ. ಬಟ್ಟೆ ಹಂಚ್ತೀನಿ. ಅಮಲ್ದಾರ್ರೂ ಬರ್ತಾರೆ. ಮುಂದೆ ಕುಂತ್ಕ, ಅವರಿಗೆ ಕಾಣಂಗೆ.”

ವಾಪಸು ಬರುವಾಗ ಇಮಾಮಪ್ಪ ಹೇಳಿದ, “ಪಾಪ ಕಣೇ. ಅವ್ರ ಕೈಯಾಗೂ ನಿಲ್ಲೋದಿಲ್ವಂತೆ.”

“ಹೌದು, ಪಾಪ,” ಎಂದಳು ಹುಸೇನಮ್ಮ. “ನಾಳೆಯಿಂದ ನಮ್ಮ ಗಂಜಿ ಅರ್ಧ ಅವ್ರಿಗೇ ಕೊಟ್ಟು ಬರಾಣ.”

ಶಾಬಾನ್ ತಿಂಗಳ ಕೊನೆಯ ದಿನ. ಮರುದಿನದಿಂದ ಉಪವಾಸ. ದುರ್ಗದಿಂದ ಖಾಜಿ ಸಾಹೇಬರು ಬಂದು ಸಾಹುಕಾರರ ಮನೆಯಲ್ಲಿ ಇಳಿಯುವವರಿದ್ದರು. ಅವರಿಗೆ ಹೊಸ ಗಾದಿ ಹೊಲಿಯಲು ಹುಸೇನಮ್ಮನನ್ನು ಒಳಮನೆಗೆ ಕರೆಸಿದ್ದರು. ಸಾಹುಕಾರರ ಹೆಂಡತಿ ಜುಲೇಖಾಬಿ ಎದುರಿಗೆ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. ಹೊಳಲ್ಕೆರೆಯಲ್ಲಿ ಹುಟ್ಟಿದವಳು, ಬಳೆಗಾರರ ಮನೆಯ ಮಗಳು. ಮಂಡಿ ಮನೆಗೆ ಬಂದ ಮೇಲೆ ಅವಳು ಹೊರಗಿನ ಬೀದಿಯನ್ನು ನೋಡಿದ್ದು ಗಾಡಿಯ ಪರದೆಯ ಸಂದಿನಿಂದ ಮಾತ್ರ.

“ಲೇ ಹುಸೇನಿ, ನಮ್ಮ ಯಜಮಾನ್ರನ್ನ ಒಂದೀಟು ಆಡ್ಸಿ ತೋರ್ಸೇ. ಯಾರೂ ಇಲ್ಲ.”

ಹುಸೇನಮ್ಮ ಸೆರಗನ್ನು ರುಮಾಲಿನ ಹಾಗೆ ಸುತ್ತಿಕೊಂಡಳು. ದಾರದುಂಡೆಯನ್ನು ಜಪಮಣಿ ಮಾಡಿಕೊಂಡಳು. ಹೊಲಿಯದ ಗಾದಿಗೆ ಒರಗಿದಳು.

“ನೋಡವ್ವಾ... ಉಪ್ಪಿನಕಾಯಿ ಕೊಡೋಕೆ ನಂಗೆ ಆಸೆ ಇಲ್ಲ ಅಂದ್ಕಂಡ್ಯಾ? ಆಸೆಯಿಂದ ಎದೆ ಒಡ್ಕಂಡು ಹೋಗ್ತೈತೆ. ಆದ್ರೆ ಜಾಡಿ ನನ್ನ ಕೈಯಾಗೆ ವರ್ಷ ತುಂಬೋದೇ ಇಲ್ವಲ್ಲವ್ವಾ!”

ಜುಲೇಖಾಬಿ ನಕ್ಕ ರಭಸಕ್ಕೆ ಬೆಳ್ಳುಳ್ಳಿ ಸಿಪ್ಪೆ ಅಂಗಳದ ತನಕ ಹಾರಿತು.

ಅಷ್ಟರಲ್ಲಿ ಬಾಗಿಲ ಪರದೆಯ ಆಚೆ ಅದೇ ದನಿ ಕೆಮ್ಮಿತು. ಈ ಸಲ ಅದು ಹುಸೇನಮ್ಮನ ಅಣಕವಲ್ಲ. ಅವಳು ಗಬಕ್ಕನೆ ಸೆರಗು ಸರಿಮಾಡಿಕೊಂಡು ಸೂಜಿ ಹಿಡಿದಳು. ಪರದೆಯ ಕೆಳಗೆ ಮೂರು ಜೊತೆ ಕಾಲು ಕಂಡವು. ಒಂದು ಸಾಹುಕಾರರದ್ದು, ಇನ್ನೊಂದು ಮಸೀದಿಯಲ್ಲಿ ಬಾಂಗು ಕೂಗುವ ಮುದುಕರದ್ದು, ಮೂರನೆಯದು ಮಂಡಿಯ ಗುಮಾಸ್ತ ಪಂಚಾಕ್ಷರಪ್ಪನದ್ದು.

ಸಾಹುಕಾರರು ಉರ್ದುವಿನಲ್ಲಿ ಹೇಳಿದರು, “ಮಂಡಿ, ಗೋದಾಮು, ಅದರೊಳಗಿನ ಸರಕು ಸಾಮಾನು ಎಲ್ಲವನ್ನೂ ನನ್ನ ಹೆಂಡತಿ ಜುಲೇಖಾಬಿಗೆ ಮನಸಾರೆ ದಾನ ಕೊಟ್ಟಿದ್ದೇನೆ. ಕಬೂಲಾ?”

“ಕಬೂಲ್,” ಎಂದಳು ಜುಲೇಖಾಬಿ, ಮೊಸರಿನವಳಿಗೆ ‘ಇವತ್ತು ಅರ್ಧ ಸೇರು ಸಾಕು’ ಎನ್ನುವ ದನಿಯಲ್ಲಿ. ಕೈ ಬೆಳ್ಳುಳ್ಳಿಯ ಮೇಲೇ ಇತ್ತು.

ಪರದೆಯ ಕೆಳಗಿನಿಂದ ಕೀಲಿಕೈ ಗೊಂಚಲು ಒಳಗೆ ಸರಿದು ಬಂತು. ಮೂರು ಜೊತೆ ಕಾಲು ಹೊರಟುಹೋದವು.

ಹುಸೇನಮ್ಮನ ಸೂಜಿ ನಿಂತಿತ್ತು. “ಏನವ್ವಾ ಇದು? ಇಡೀ ಮಂಡಿ ನಿಮ್ಗೆ ಕೊಟ್ಬಿಟ್ರಾ?”

“ವರ್ಷಾ ವರ್ಷಾ ಕೊಡ್ತಾರೆ ಕಣೇ. ಇವತ್ತು ಕೊಡ್ತಾರೆ, ನಾಳೆ ಬೆಳಿಗ್ಗೆ ಬಂದು ‘ವಾಪಸ್ ಕೊಟ್ಟೆ ಅನ್ನು’ ಅಂತಾರೆ. ನಾನೂ ಅಂತೀನಿ. ಅವ್ರ ವರ್ಷ ತುಂಬೋಕೆ ಒಂದು ದಿನ ಮುಂಚೆ ಆಸ್ತಿ ನನ್ನ ಕೈಗೆ ಬಂತು. ನಾಳೆ ತಿರುಗಿ ಹೋದ ಮ್ಯಾಲೆ ಅವ್ರ ಲೆಕ್ಕ ಹೊಸದಾಗಿ ಸುರು. ಅವ್ರಿಗೂ ವರ್ಷ ತುಂಬಲಿಲ್ಲ, ನಂಗೂ ತುಂಬಲಿಲ್ಲ. ಜಕಾತು ಎಲ್ಲಿಂದ ಬೀಳ್ಬೇಕು?”

“ಅಂದ್ರೆ ದೇವ್ರಿಗೇ ಟೋಪಿ?”

“ಟೋಪಿ ಹಾಕ್ದೆ ಅವ್ರು ನಮಾಜಿಗೆ ಹೋಗಿದ್ದೇ ಇಲ್ಲ.”

“ಮತ್ತೆ ಕೀಲಿಕೈ ಯಾಕವ್ವಾ?”

“ಕೈಗೆ ಬರ್ದೇ ಇದ್ರೆ ದಾನ ದಾನ ಅಲ್ವಂತೆ. ಶಾಸ್ತ್ರದಾಗೆ ನಮ್ಮ ಯಜಮಾನ್ರು ಬಲು ಕಟ್ಟುನಿಟ್ಟು.” ಜುಲೇಖಾಬಿಯ ನಗು ಸ್ವಲ್ಪ ಸ್ವಲ್ಪವಾಗಿ ಇಳಿಯಿತು. “ಹೋದ ವರ್ಷ ನಮ್ಮ ತಮ್ಮ ಬಂದಿದ್ದ. ಒಂದು ಮಲಾರ ಬಳೆ ತುಂಬಿಸಿಕೊಟ್ರೆ ಸಂತೆ ಮ್ಯಾಲೆ ಮಾರ್ಕಂಡು ಬದುಕ್ತೀನಿ ಭಾವ ಅಂದ. ‘ಎಲ್ಲಾ ನಿಮ್ಮಕ್ಕಂದೇ ಕಣಪ್ಪ, ಅವಳನ್ನೇ ಕೇಳು’ ಅಂದ್ರು. ನಾನು ಕೇಳಿದ್ರೆ, ‘ನಿಂದು ಅನ್ನೋದು ಆ ಒಂದು ದಿನಕ್ಕೆ’ ಅಂದ್ರು. ತಮ್ಮ ಕೋಲಾರದ ಗಣಿಗೆ ಹೋದ. ಬಳೆ ಹಿಡಿಯೋ ಕೈಯಾಗೆ ಗುದ್ದಲಿ ಹಿಡ್ಕಂಡು ನೆಲದ ಒಳಗೆ ಇಳ್ದ.”

ಹೊರಗೆ ಗೋದಾಮಿನಿಂದ ಟೊಂಯ್ ಟೊಂಯ್ ಸದ್ದು ಬರುತ್ತಿತ್ತು. ನಡುನಡುವೆ ಇಮಾಮಪ್ಪನ ಕೆಮ್ಮು.

ಹುಸೇನಮ್ಮ ಮೆಲ್ಲಗೆ ಕೇಳಿದಳು. “ಅವ್ವಾ, ಇವತ್ತು ಆ ಗೋದಾಮು ಯಾರ್ದು?”

“ನಂದೇ.”

“ಅದ್ರೊಳಗಿನ ಬಿಲ್ಲು?”

ಜುಲೇಖಾಬಿ ಬೆಳ್ಳುಳ್ಳಿ ಕೆಳಗಿಟ್ಟಳು. ಕೀಲಿ ಗೊಂಚಲನ್ನು ಮೊದಲ ಸಲ ಕೈಗೆತ್ತಿಕೊಂಡು, ಬಳೆ ನೋಡಿದ ಹಾಗೆ ತಿರುಗಿಸಿ ತಿರುಗಿಸಿ ನೋಡಿದಳು.

ಮರುದಿನ ಬೆಳಿಗ್ಗೆ ಸಾಹುಕಾರರು ಪರದೆಯ ಹತ್ತಿರ ಬಂದರು. “ವಾಪಸ್ ಕೊಟ್ಟೆ ಅನ್ನು. ಕೀಲಿಕೈ ಕೊಡು.”

“ಉಗ್ರಾಣದ ಕೀಲಿಕೈಯೂ ಅದ್ರಾಗೇ ಐತೆ. ಸಂಜೆ ಅಷ್ಟು ಜನಕ್ಕೆ ಅಡುಗೆ ಆಗ್ಬೇಕಲ್ಲ. ಆಮ್ಯಾಲೆ ಎಲ್ಲಾ ಒಟ್ಟಿಗೇ ಕೊಡ್ತೀನಿ.”

ಹೆಂಗಸರಿಗೆ ಸಕ್ಕರೆ ಡಬ್ಬಿ ಕಂಡಷ್ಟು ಮಂಡಿ ಕಾಣುವುದಿಲ್ಲ ಎಂದುಕೊಂಡು ಸಾಹುಕಾರರು ನಗುತ್ತ ಹೋದರು. ಅವತ್ತು ಗೋದಾಮಿಗೆ ರಜೆ. ಅಂಗಳಕ್ಕೆ ಚಪ್ಪರ ಹಾಕಿಸುವುದಿತ್ತು, ಅಮಲ್ದಾರರಿಗೆ ಕುರ್ಚಿ ಹುಡುಕುವುದಿತ್ತು. ಧರ್ಮ ಎಂದರೆ ಕೆಲಸ ಕಡಿಮೆಯೇ?

ಸಂಜೆ ಉಪವಾಸ ಬಿಟ್ಟಾಯಿತು. ಖಾಜಿ ಸಾಹೇಬರು ಹೊಸ ಗಾದಿಯ ಮೇಲೆ ಕೂತರು. ಅಮಲ್ದಾರರು ಕುರ್ಚಿಯಲ್ಲಿ ಕೂತು ಷರಬತ್ತು ಕುಡಿದರು. ಅವರಿಗೆ ಉರ್ದು ಬರುತ್ತಿರಲಿಲ್ಲ. ಸಾಹುಕಾರರ ಧರ್ಮವೂ ಅವರಿಗೆ ಅಷ್ಟೇ ಅರ್ಥವಾಗುತ್ತಿತ್ತು. ಪಿಂಜಾರರನ್ನು ನೆಲದ ಮೇಲೆ, ಚೆನ್ನಾಗಿ ಕಾಣುವ ಹಾಗೆ ಕೂರಿಸಿದ್ದರು. ಹರಿದ ಅಂಗಿಯವರು ಮುಂದೆ, ಸುಮಾರಾದ ಅಂಗಿಯವರು ಹಿಂದೆ.

ಪಂಚಾಕ್ಷರಪ್ಪ ಹೆಸರು ಕೂಗಿದ ಹಾಗೆ ಒಬ್ಬೊಬ್ಬರೇ ಎದ್ದು ಹೋಗಿ ಸಾಹುಕಾರರ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡು ಒಂದು ತುಂಡು ಬಟ್ಟೆ ತೆಗೆದುಕೊಂಡರು. ಅದನ್ನು ಹೆಗಲಿಗೆ ಹಾಕಿದರೆ ಬೆನ್ನಿಗೆ ಸಾಲದು, ಸೊಂಟಕ್ಕೆ ಸುತ್ತಿದರೆ ಮಾನಕ್ಕೆ ಸಾಲದು. ಮುದುಕ ಮೌಲಪ್ಪ ತನ್ನದನ್ನು ಅತ್ತಿತ್ತ ಹಿಡಿದು ನೋಡಿ, “ಇದು ಮೂಗು ಒರೆಸ್ಕಳಾಕೇ ಇರ್ಬೇಕು,” ಎಂದು ಪಕ್ಕದವನಿಗೆ ಹೇಳಿದ.

“ನಾನು ಯಾರು ಸ್ವಾಮಿ ಕೊಡೋಕೆ?” ಸಾಹುಕಾರರು ಅಮಲ್ದಾರರಿಗೆ ಕೈಮುಗಿದರು. “ಕೊಡೋನು ಮ್ಯಾಲೆ ಅವ್ನೆ. ನಾನೇನೂ ಕೊಟ್ಟಿಲ್ಲ.”

ಎಂಥ ವಿನಯ ಎಂದುಕೊಂಡರು ಅಮಲ್ದಾರರು. ಎಂಥ ನಿಜ ಎಂದುಕೊಂಡರು ಪಿಂಜಾರರು.

ಆಗ ಹಿತ್ತಲ ಕಡೆಯಿಂದ ಹೆಂಗಸರು ಬಂದರು. ಮುಂದೆ ಹುಸೇನಮ್ಮ. ಅವಳ ಹೆಗಲ ಮೇಲೆ ಒಂದು ಬಿಲ್ಲು. ಹಿಂದೆ ಕೇರಿಯ ಹೆಂಗಸರು. ಒಬ್ಬೊಬ್ಬರ ಹೆಗಲ ಮೇಲೂ ಒಂದೊಂದು ಬಿಲ್ಲು. ಅಂಗಳದ ನಡುವೆ ತಂದು ಸಾಲಾಗಿ ಮಲಗಿಸಿದರು.

ಸಾಹುಕಾರರ ಜಪಮಣಿ ನಿಂತಿತು. “ಇದೇನು? ಗೋದಾಮು ಯಾರು ತೆಗೆದ್ರು?”

“ಒಡತಿಯವ್ರು ಕೊಡ್ಸಿದಾರೆ,” ಎಂದಳು ಹುಸೇನಮ್ಮ. “ಪಿಂಜಾರರಿಗೆ ಧರ್ಮವಾಗಿ.”

“ಯಾವ ಒಡತಿ? ಕಳ್ಳಿ! ಸ್ವಾಮಿ, ನೋಡಿ, ನಿಮ್ಮ ಕಣ್ಣೆದುರಿಗೇ ಕಳವು!”

ಅಮಲ್ದಾರರು ಕಣ್ಸನ್ನೆ ಮಾಡಿದರು. ಜವಾನ ಎದ್ದು ಹುಸೇನಮ್ಮನ ಕಡೆ ಬಂದ. ಇಮಾಮಪ್ಪನೂ ಎದ್ದ, ಅವನಿಗೆ ಕೆಮ್ಮು ಒತ್ತರಿಸಿ ಬಂದು ಮಾತೇ ಹೊರಡಲಿಲ್ಲ. ಹುಸೇನಮ್ಮ ಬಾಗಿಲ ಪರದೆಯ ಕಡೆ ನೋಡಿದಳು. ಪರದೆ ಅಲುಗಲಿಲ್ಲ. ಊರಲ್ಲಿ ಎಲ್ಲರ ದನಿಯೂ ಬರುತ್ತಿದ್ದ ಅವಳಿಗೆ ತನ್ನ ದನಿ ಎಲ್ಲಿ ಹೋಯಿತೆಂದು ಗೊತ್ತಾಗಲಿಲ್ಲ. ಒಡತಿ ಹೆದರಿಬಿಟ್ಟಳೇ? ಇನ್ನು ತುರಂಗವೇ ಗತಿ. ಜವಾನನ ಕೈ ಅವಳ ರಟ್ಟೆಗೆ ಬಿತ್ತು.

“ಕೈ ತೆಗಿಯಪ್ಪ,” ಎಂದಿತು ಪರದೆ. “ಅವಳು ಕದ್ದಿಲ್ಲ. ನಾನೇ ಕೀಲಿಕೈ ಕೊಟ್ಟಿದ್ದು.” ಆಮೇಲೆ ಪರದೆಯ ಮಾತು ಉರ್ದುವಿಗೆ ತಿರುಗಿತು. “ಖಾಜಿ ಸಾಹೇಬ್ರೆ, ನಿನ್ನೆ ಇವ್ರು ಮಂಡಿ, ಗೋದಾಮು ಎಲ್ಲಾ ನಂಗೆ ದಾನ ಮಾಡಿದಾರೆ. ನಾನು ಕಬೂಲ್ ಅಂದೀನಿ. ಪಂಚಾಕ್ಷರಪ್ಪನವ್ರೂ ಅಲ್ಲೇ ಇದ್ರು.”

ಎಲ್ಲರೂ ಗುಮಾಸ್ತನ ಕಡೆಗೆ ತಿರುಗಿದರು.

“ಹೌದು ಬುದ್ಧಿ, ಇದ್ದೆ,” ಎಂದ ಪಂಚಾಕ್ಷರಪ್ಪ ಪ್ರಾಮಾಣಿಕವಾಗಿ. “ವರ್ಷಾ ವರ್ಷಾ ಇರ್ತೀನಿ.”

ಖಾಜಿ ಸಾಹೇಬರ ಕೈ ಗಡ್ಡದ ಮೇಲೆ ಹೋಯಿತು. “ವರ್ಷಾ ವರ್ಷಾ?”

“ಅದನ್ನೇ ನಾನೂ ಕೇಳ್ಬೇಕು ಅಂತಿದ್ದೆ,” ಎಂದಳು ಜುಲೇಖಾಬಿ. “ಇವ್ರು ಕೊಟ್ಟಿದ್ದು ನಿಜವಾದ ದಾನಾನೋ, ಆಟಾನೋ? ನಿಜವಾದ್ರೆ ಬಿಲ್ಲು ನಂದು, ನಾನು ಯಾರಿಗೆ ಬೇಕಾದ್ರೂ ಕೊಡ್ತೀನಿ. ಆಟ ಅಂದ್ರೆ ಇಷ್ಟು ವರ್ಷವೂ ಮಂಡಿ ಇವ್ರ ಕೈಯಾಗೇ ಇತ್ತು ಅಂದಂಗಾಯ್ತು. ಅಷ್ಟೂ ವರ್ಷದ ಜಕಾತು ಇವ್ರು ಕೊಡ್ಬೇಕಲ್ವಾ?”

“ಕೊಡಬೇಕು,” ಎಂದರು ಖಾಜಿ ಸಾಹೇಬರು. “ಆದರೆ ತಾಯಿ, ನಿನಗೂ ವರ್ಷ ತುಂಬಿಲ್ಲ. ನಿನ್ನ ಮೇಲೆ ಜಕಾತು ಬೀಳುವುದಿಲ್ಲ.”

“ಬೀಳ್ದೇ ಇದ್ರೆ ಕೊಡ್ಬಾರ್ದು ಅಂತ ಎಲ್ಲಾದ್ರೂ ಐತಾ?”

ಖಾಜಿ ಸಾಹೇಬರು ಗಡ್ಡ ನೀವಿಕೊಂಡರು. “ಎಲ್ಲೂ ಇಲ್ಲ,” ಎಂದು ಸಾಹುಕಾರರ ಕಡೆ ತಿರುಗಿದರು. “ಹೇಳಿ ಹಾಜಿಯವರೆ. ದಾನವೋ? ಆಟವೋ?”

ಸಾಹುಕಾರರು ಖಾಜಿಯನ್ನು ನೋಡಿದರು, ಬಿಲ್ಲುಗಳನ್ನು ನೋಡಿದರು. ಅಮಲ್ದಾರರು ಕುತೂಹಲದಿಂದ ಮುಂದಕ್ಕೆ ಬಾಗಿದರು. “ಏನು ಸಾಹುಕಾರ್ರೆ? ಏನು ವಿಷಯ?”

ಸಾಹುಕಾರರ ಮುಖದಲ್ಲಿ ಏನೋ ಒಂದು ತಂತಿಯ ಹಾಗೆ ಹರಿಯಿತು. ಆಮೇಲೆ ಅವರು ನಕ್ಕರು. ಮೊದಲು ಮೂಗಿನಿಂದ, ಆಮೇಲೆ ಬಾಯಿಂದ, ಆಮೇಲೆ ಹೊಟ್ಟೆಯಿಂದ.

“ಹಹ್ಹಾ! ದಾನ! ದಾನವೇ! ನಾನೇ ಹೇಳಿಕೊಟ್ಟಿದ್ದು ಸ್ವಾಮಿ! ಬಿಲ್ಲು ಕೊಟ್ಟು ಪಿಂಜಾರರನ್ನ ಬದುಕಿಸು ಅಂತ! ತಮಾಷೆಗೆ ಕಳ್ಳಿ ಅಂದೆ! ಹಹ್ಹಹ್ಹಾ!”

“ಭಲೇ!” ಅಮಲ್ದಾರರು ತೊಡೆ ತಟ್ಟಿ ನಕ್ಕರು. “ಹುಜೂರಿಗೆ ಬರೆಯುತ್ತೇನೆ. ಇಂಥ ಧರ್ಮವಂತರು ತಾಲ್ಲೂಕಿಗೊಬ್ಬರು ಬೇಕು.”

“ಬರ್ರಿ, ಬರ್ರಿ,” ಸಾಹುಕಾರರು ಕೈ ಚಾಚಿದರು. “ಒಬ್ಬೊಬ್ಬರೇ ಬಂದು ಕೈ ಮುಟ್ಟಿ ತಗಳ್ರಿ.”

ಪಿಂಜಾರರು ಎದ್ದರು. ಒಬ್ಬೊಬ್ಬರಾಗಿ ಅಲ್ಲ, ಎಲ್ಲರೂ ಒಟ್ಟಿಗೆ. ಚಾಚಿದ ಕೈ ಚಾಚಿದಲ್ಲೇ ಉಳಿಯಿತು. ಅವರು ನೇರವಾಗಿ ಬಿಲ್ಲುಗಳ ಹತ್ತಿರ ಹೋದರು. ಯಾರೂ ಯಾರನ್ನೂ ಇದು ಯಾರದೆಂದು ಕೇಳಲಿಲ್ಲ. ಅವರವರ ಅಪ್ಪ ಅಜ್ಜಂದಿರ ಹಿಡಿ ಸವೆಸಿದ ಜಾಗ ಅವರವರ ಅಂಗೈಗೆ ಗೊತ್ತಿತ್ತು. ಮೌಲಪ್ಪ ತನ್ನ ಬಿಲ್ಲಿನ ತಂತಿ ಮೀಟಿ, ಕಿವಿಯ ಹತ್ತಿರ ಹಿಡಿದು, “ಬದುಕೈತೆ,” ಎಂದ.

ಇಮಾಮಪ್ಪ ಹೆಗಲಿಗೆ ಬಿಲ್ಲು ಏರಿಸಿಕೊಂಡು ಸಾಹುಕಾರರ ಮುಂದೆ ಬಂದ. ತುಂಡು ಬಟ್ಟೆಯನ್ನು ಅವರ ಚಾಚಿದ ಕೈಯಲ್ಲಿಟ್ಟ.

“ಇದು ನೀವೇ ಇಟ್ಕಳ್ರಿ ಸಾಹುಕಾರ್ರೆ. ಇಲ್ಲದೋರು ಯಾರಾದ್ರೂ ಬಂದ್ರೆ ಬೇಕಾಗ್ತೈತೆ.”

ಹಿಂದಿನವನೂ ಇಟ್ಟ. ಅವನ ಹಿಂದಿನವನೂ. ಬಟ್ಟೆಯ ತುಂಡುಗಳು ಸಾಹುಕಾರರ ಮೊಣಕೈ ತನಕ ಬಂದವು. ಅವರು ನಗುತ್ತಲೇ ಇದ್ದರು. ನಗುತ್ತಲೇ ಪರದೆಯ ಕಡೆ ಬಾಗಿ, ಹಲ್ಲಿನ ಸಂದಿನಿಂದ ಹೇಳಿದರು, “ಆಯ್ತಲ್ಲ? ಈಗ ಮಿಕ್ಕಿದ್ದನ್ನ ವಾಪಸ್ ಕೊಟ್ಟೆ ಅನ್ನು.”

ಪರದೆ ಎಲ್ಲರಿಗೂ ಕೇಳುವ ಹಾಗೆ ಹೇಳಿತು, “ಅವಸರ ಯಾಕ್ರೀ? ನನ್ನ ಕೈಯಾಗೂ ಒಂದು ವರ್ಷ ತುಂಬಲಿ. ಜಕಾತು ಕಳೆದು ಉಳಿದಿದ್ದು ಕೊಡ್ತೀನಿ.”

ಖಾಜಿ ಸಾಹೇಬರು ಗಡ್ಡದೊಳಗೆ ನಕ್ಕರು. ಏನೆಂದು ತಿಳಿಯದಿದ್ದರೂ ಅಮಲ್ದಾರರು ನಕ್ಕರು. ಪಿಂಜಾರರು ಬಾಯ್ತುಂಬ ನಕ್ಕರು. ಎಲ್ಲರಿಗಿಂತ ಜೋರಾಗಿ, ಕಣ್ಣಲ್ಲಿ ನೀರು ಬರುವ ಹಾಗೆ, ಹಾಜಿ ಸಾಹುಕಾರರು ನಕ್ಕರು.

ಬೀದಿಗೆ ಬಂದರೂ ಆ ನಗು ಕೇಳುತ್ತಲೇ ಇತ್ತು. ಇಮಾಮಪ್ಪ ನಿಂತು ಹಿಂದೆ ನೋಡಿದ.

“ಇನ್ನೂ ನಗ್ತಾ ಅವ್ರೆ ಕಣೇ. ಇಷ್ಟು ಹೊತ್ತು ಯಾರಾದ್ರೂ ನಗ್ತಾರಾ?”

“ನಿಲ್ಸಂಗಿಲ್ವಲ್ಲ,” ಎಂದಳು ಹುಸೇನಮ್ಮ. “ಅಮಲ್ದಾರ್ರು ಇನ್ನೊಂದು ಲೋಟ ಷರಬತ್ತು ಕೇಳಿದಾರೆ.”